ಮಡೆಗೆ ಹೋದ ಕಲ್ಲು

ಮದ್ದೂರಿನ ಸೇತುವೆಯ ಬಳಿ ಒಂದು ಕಲ್ಲಿನ ಮೇಲೆ ಅಂಕಿ ಕೆತ್ತಿದ್ದರು. ಸಮುದ್ರದ ಮಟ್ಟದಿಂದ ಆ ಕಲ್ಲು ಎಷ್ಟು ಎತ್ತರದಲ್ಲಿದೆ ಎಂಬ ಲೆಕ್ಕ ಅದು. ೧೯೭೪ರಲ್ಲಿ ಆ ಎತ್ತರವನ್ನು ಅಳೆಯುತ್ತ ಅಳೆಯುತ್ತ ಮಳವಳ್ಳಿಯ ಅಂಥದೇ ಕಲ್ಲಿನವರೆಗೆ ಒಯ್ದು ತಾಳೆ ನೋಡುವ ಕೆಲಸ ನಡೆದಿತ್ತು. ಬ್ಲಫ್‌ನ ವಿದ್ಯುದಾಗಾರದ ಕ್ಯಾಂಟೀನಿನ ಕೆಲಸ ಬಿಟ್ಟು ಬಂದ ನನಗೆ ಅಳತೆಯ ಕೋಲು ಹಿಡಿಯುವ ಕೂಲಿ ಸಿಕ್ಕಿತು. ದುರ್ಬೀನಿನಲ್ಲಿ ನೋಡಿ ಬರೆದುಕೊಳ್ಳುವವರು ಸರ್ವೇಯರ್ ಅನಂತರಾಮು. ನಾವಿಬ್ಬರೂ ಸಮುದ್ರವನ್ನು ಕಂಡವರಲ್ಲ. ಅವರಿಗೆ ದಪ್ಪ ಕನ್ನಡಕ ಬಂದ ಮೇಲೆ ಕಚೇರಿಯವರು ಅವರ ಕಣ್ಣನ್ನೇ ಸಂಶಯಿಸುತ್ತಿದ್ದರು. ಈ ಅಳತೆ ತಪ್ಪಿದರೆ ಮೇಜಿನ ಕೆಲಸಕ್ಕೆ ಕೂರಿಸುವುದಾಗಿ ಎಚ್ಚರಿಸಿದ್ದರು.

ನನಗಿದ್ದ ನಿಯಮ ಒಂದೇ. ಕೋಲು ನಿಂತ ಕಲ್ಲನ್ನು ಅವರು ಹಿಂದಿನಿಂದ ಒಮ್ಮೆ ನೋಡುತ್ತಾರೆ. ದುರ್ಬೀನಿನ ಯಂತ್ರ ಹೊತ್ತು ನನ್ನನ್ನು ದಾಟಿ ಮುಂದೆ ಹೋಗಿ, ತಿರುಗಿ ಅದೇ ಕಲ್ಲನ್ನು ಇನ್ನೊಮ್ಮೆ ನೋಡುತ್ತಾರೆ. ಅಲ್ಲಿಯವರೆಗೆ ಕಲ್ಲು ಅಲುಗಬಾರದು. ಅಲುಗಿದರೆ ಮುಂದಿನ ಎತ್ತರಗಳೆಲ್ಲ ಸುಳ್ಳು.

ಎರಡನೆಯ ದಿನ ಗದ್ದೆಯ ಬದುವಿನ ಚಪ್ಪಟೆ ಕಲ್ಲೊಂದರ ಮೇಲೆ ಕೋಲು ನಿಲ್ಲಿಸಿದ್ದೆ. ಅನಂತರಾಮು ಯಂತ್ರ ಎತ್ತಿಕೊಂಡು ಹೊರಟರು. ಅವರು ಅದನ್ನು ಹೂಡುವಷ್ಟರಲ್ಲಿ ಪತ್ತೇದಾರಿ ಕಾದಂಬರಿಯ ಒಂದು ಅಧ್ಯಾಯ ಮುಗಿಸಬಹುದೆಂದು ಹೊಂಗೆಯ ನೆರಳಿಗೆ ಸರಿದೆ. ತಲೆಯೆತ್ತಿದಾಗ ಕಲ್ಲಿರಲಿಲ್ಲ. ಗದ್ದೆಯೊಡತಿ ಚಿಕ್ಕಬೋರಮ್ಮ ಅದನ್ನೊಯ್ದು, ನೀರು ಹರಿದುಹೋಗುವ ಮಡೆಗೆ ಅಡ್ಡವಿಟ್ಟು ಮಣ್ಣು ಮೆತ್ತುತ್ತಿದ್ದಳು.

“ಅಮ್ಮಾ, ಅದು ಸರ್ಕಾರದ ಕಲ್ಲು!”

“ಯಾವ ಸರ್ಕಾರದ್ದಲಾ? ನಮ್ಮತ್ತೆ ಕಾಲ್ದಿಂದ ಈ ಮಡೆಗೇ ಇಕ್ಕೋದು ಕಣ್ಲಾ. ಬೇಕಾದ್ರೆ ಆ ಪುಸ್ತಕದ ಮ್ಯಾಲೆ ನಿಲ್ಲಿಸ್ಕೋ ನಿನ್ ಕೋಲ!”

ದೂರದಿಂದ ಅನಂತರಾಮು ಕೈಬೀಸಿದರು. ಕಲ್ಲಿದ್ದ ಕುಳಿಯಲ್ಲೇ ಕೋಲು ಊರಿದೆ.

ಮಳವಳ್ಳಿಯ ಗುರುತುಕಲ್ಲಿನಲ್ಲಿ ಕೆತ್ತಿದ್ದಕ್ಕಿಂತ ನಮ್ಮ ಎತ್ತರ ಹನ್ನೊಂದು ಸೆಂಟಿಮೀಟರ್ ಹೆಚ್ಚು ಬಂತು. ಅನಂತರಾಮು ಮೂರು ಬಾರಿ ಕೂಡಿ ಕಳೆದರು.

“ಹೊನ್ನಯ್ಯ, ಕಲ್ಲೇನಾದರೂ ಅಲುಗಿತ್ತೇನಪ್ಪ?”

“ಇಲ್ಲ ಸ್ವಾಮಿ.”

“ಹಾಗಾದರೆ ನನ್ನ ಕಣ್ಣೇ ಮೋಸ ಮಾಡಿತು.”

ಐದು ದಿನ ಆ ಸುಳ್ಳನ್ನು ಹೊತ್ತು ತಿರುಗಿದೆ. ಕಾದಂಬರಿಯ ಕೊನೆಯ ಪುಟಗಳನ್ನು ತೆರೆಯಲೇ ಇಲ್ಲ. ಆರನೆಯ ದಿನ ಅವರು ಯಂತ್ರವನ್ನು ಒರೆಸಿ, ಬಟ್ಟೆ ಸುತ್ತಿ, ಪೆಟ್ಟಿಗೆಗೆ ಸೇರಿಸುವುದನ್ನು ಕಂಡು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ. “ಆ ಕಲ್ಲು ತೋರಿಸು” ಎಂದರು.

ಕಲ್ಲು ಮಡೆಯಲ್ಲೇ ಇತ್ತು. ಅದನ್ನು ಕಿತ್ತೊಡನೆ ನೀರು ನುಗ್ಗಿತು.

“ಲೇ, ನೀರೆಲ್ಲಾ ಓಯ್ತದೆ ಕಣ್ಲಾ!” ಎಂದು ಚಿಕ್ಕಬೋರಮ್ಮ ಓಡಿ ಬಂದಳು. “ಸ್ವಾಮ್ಯೋರೆ, ಬಿರ್ನೆ ಅಳ್ದು ಕೊಟ್ಬುಡಿ!”

ಅನಂತರಾಮು ಕೆಸರಿನಲ್ಲಿ ಮಂಡಿಯೂರಿ, ಕಲ್ಲಿಗೆ ಕೋಲು ಒರಗಿಸಿ ಅದರ ದಪ್ಪವನ್ನು ಓದಿದರು. ಹನ್ನೊಂದು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

“ಕಣ್ಣು ಸರಿಯಾಗಿಯೇ ಇತ್ತು” ಎಂದರು. ಕೋಲನ್ನು ನನ್ನ ಕೈಗೆ ಕೊಟ್ಟರು. “ಮೇಜಿನ ಕೆಲಸವೇ ಸಾಕೆಂದು ನಿನ್ನೆ ನಾನೇ ಬರೆದುಕೊಟ್ಟೆ. ಕಚೇರಿಯ ಸಾಹೇಬರು ನಿಂತ ಕಾಲಲ್ಲೇ ರುಜು ಹಾಕಿದರು.”

ಕಲ್ಲನ್ನು ಮಡೆಗಿಟ್ಟು ತಾವೇ ಬೊಗಸೆಯಲ್ಲಿ ಮಣ್ಣು ಮೆತ್ತಿದರು. ಬಳಿಕ ನನ್ನ ಕೈಯಿಂದ ಕೋಲು ತೆಗೆದುಕೊಂಡು, ಹೆಗಲಿಗೇರಿಸಿ, ಬಸ್ಸಿನ ರಸ್ತೆಯತ್ತ ನಡೆದರು. ನಾನು ಹಿಂದೆ ನಡೆದೆ. ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ.