ಏಳನೇ ನಂಬರಿನ ಕಾಲು

ಶೂ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಏಳಕ್ಕ. ಏಳನೇ ನಂಬರಿಗೆ ಎರಕ ಹೊಯ್ದಂಥ ಕಾಲು ಅವಳದು. ದಿನಬಳಕೆಯ ರನ್ನಿಂಗ್ ಶೂ ಯಾವುದು ಹೊಸದಾಗಿ ತಯಾರಾದರೂ ಮೊದಲ ಜೋಡಿ ಅವಳಿಗೆ. ಲೇಸು ಬಿಗಿದು, ಮೆಟ್ಟಿಲು ಹತ್ತಿಳಿದು, ಗೋದಾಮಿನ ಉದ್ದಕ್ಕೂ ನಾಲ್ಕು ಸಲ ಓಡಿ, ಎಲ್ಲಿ ಒತ್ತುತ್ತದೆ, ಎಲ್ಲಿ ಉಜ್ಜುತ್ತದೆ, ಹಿಮ್ಮಡಿ ಕೂರುತ್ತದೋ ಜಾರುತ್ತದೋ ಎಂದು ಹೇಳುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಅವಳು ಹೇಳಿದ ಮೇಲೆ ಎರಡನೇ ಮಾತಿರಲಿಲ್ಲ.

ಹೆರಿಗೆ ರಜೆ ಮುಗಿಸಿ ಬಂದ ವಾರವೇ ಹೊಸ ಶೂ ಹೆಬ್ಬೆರಳಿಗೆ ಒತ್ತಿತು. ಹೇಳಿದಳು. ಅಚ್ಚಿನ ಮೇಸ್ತ್ರಿ ಕಾಲಚ್ಚನ್ನು, ಅಂದರೆ ಶೂ ಹೊಲಿಯಲು ಬಳಸುವ ಪಾದದಾಕಾರದ ಅಚ್ಚನ್ನು, ತುಸು ಉದ್ದ ಮಾಡಿದ. ಉಳಿದ ನಂಬರುಗಳ ಅಚ್ಚುಗಳೂ ಅದೇ ಲೆಕ್ಕದಲ್ಲಿ ಬೆಳೆದವು. ಮಾಲು ಹೊರಟಿತು. ಎರಡು ತಿಂಗಳಾಗಿತ್ತೋ ಇಲ್ಲವೋ, ಅಂಗಡಿಗಳಿಂದ ಪೆಟ್ಟಿಗೆಗಳು ವಾಪಸು ಬರತೊಡಗಿದವು. ಎಲ್ಲದಕ್ಕೂ ಒಂದೇ ದೂರು: ಓಡಿದರೆ ಶೂ ಹಿಮ್ಮಡಿಯಿಂದ ಜಾರುತ್ತದೆ.

ಲೇಸು ಕಟ್ಟಲು ಬಾರದವರ ಮಾತು ಕೇಳಬೇಡಿ ಎಂದು ಏಳಕ್ಕ ಯಜಮಾನರ ಮುಂದೆ ವಾದಿಸಿದಳು. ಮೇಸ್ತ್ರಿಯೂ ಅವಳ ಪರ. ಬೇಕಾದರೆ ನೀವೇ ನೋಡಿ ಎಂದು ಅಳತೆಪಟ್ಟಿ ತಂದು ಅದರ ಮೇಲೆ ಅವಳ ಕಾಲು ಇಡಿಸಿದ. ಬಗ್ಗಿ ನೋಡಿದವನು ಮತ್ತೊಮ್ಮೆ ನೋಡಿದ. ಎದ್ದುಹೋಗಿ ಇನ್ನೊಂದು ಪಟ್ಟಿ ತಂದ.

“ಪಟ್ಟಿ ಸವೆದಿರ್ಬೇಕು, ಮೇಸ್ತ್ರಿ.”

“ಎರಡೂ ಒಂದೇ ಹೇಳ್ತಿವೆ ಕಣಮ್ಮ. ನಿನ್ನ ಕಾಲು ಏಳೂವರೆ ದಾಟಿದೆ.”

ಯಾರೋ ಬೇರೆಯವರ ಪಾದಗಳನ್ನು ತನ್ನ ಮೊಣಕಾಲ ಕೆಳಗೆ ಅಂಟಿಸಿದ್ದಾರೇನೋ ಎಂಬಂತೆ ಏಳಕ್ಕ ದಿಟ್ಟಿಸಿದಳು. ಮನೆಯಲ್ಲಿ ಮೆಟ್ಟುವುದು ಬೆರಳು ತೆರೆದ ಚಪ್ಪಲಿ. ಕಾಲು ಬೆಳೆದದ್ದನ್ನು ಅದು ಹೇಳಿರಲಿಲ್ಲ. ಹೊರಗೆ ಬಂದು ಅಮ್ಮನಿಗೆ ಫೋನು ಮಾಡಿದಳು.

“ಬಾಣಂತನ ಆದ್ಮೇಲೆ ಕೆಲವರ ಕಾಲು ದೊಡ್ಡದಾಗುತ್ತೆ,” ಅಮ್ಮ ಆರಾಮಾಗಿ ಹೇಳಿದಳು. “ನೀನು ಹುಟ್ಟಿದ್ಮೇಲೆ ನನ್ನ ಹಳೇ ಚಪ್ಪಲಿ ಎಲ್ಲ ನಿನ್ನ ಚಿಕ್ಕಮ್ಮಂಗೆ ಕೊಟ್ಟೆ.”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

“ನೀನು ಕೇಳಿದ್ಯಾ?”

ಫೋನು ಇಟ್ಟು ಒಳಗೆ ಹೋಗಿ, ತಪ್ಪು ಗಿರಾಕಿಗಳದಲ್ಲ, ತನ್ನದು ಎಂದು ಯಜಮಾನರಿಗೆ ತಾನೇ ಹೇಳಿದಳು. ಅವರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಹನ್ನೊಂದು ವರ್ಷ ಒಮ್ಮೆಯೂ ಆ ಕಾಲನ್ನು ಅಳೆಯದಿದ್ದುದು ತನ್ನ ತಪ್ಪು ಎಂದು ಮೇಸ್ತ್ರಿ ಗೊಣಗಿದ. ಅಂದೇ ಅಚ್ಚು ಹಳೆಯ ಅಳತೆಗೆ ಮರಳಿತು.

ಪ್ಯಾಕಿಂಗ್ ವಿಭಾಗದ ಒಬ್ಬಳ ಕಾಲು ಸರಿಯಾಗಿ ಏಳು ಎಂದು ಗೊತ್ತಾಯಿತು. ಅವಳಿಗೆ ಕಲಿಸುವ ಕೆಲಸ ಏಳಕ್ಕನ ಪಾಲಿಗೆ ಬಂತು. ಆ ಹೆಂಗಸು ಯಾವ ಶೂ ಹಾಕಿದರೂ ಚೆನ್ನಾಗಿದೆ ಅಕ್ಕಾ ಎನ್ನುತ್ತಿದ್ದಳು.

“ಚೆನ್ನಾಗಿದೆ ಅಂದ್ರೆ ಸಾಲ್ದು. ಹೆಬ್ಬೆರಳ ಮುಂದೆ ಎಷ್ಟು ಜಾಗ ಇದೆ, ಒತ್ತಿ ನೋಡಿ ಹೇಳು,” ಎಂದಳು ಏಳಕ್ಕ. ಆಮೇಲೆ ತಾನೇ ಬಗ್ಗಿ ಆ ಶೂವಿನ ತುದಿ ಒತ್ತಿ ತೋರಿಸಿದಳು.