ಧನಿಷ್ಠೆಯ ಬೀಗ

“ಅಪ್ಪಯ್ಯ, ನಾ ಹೋಪ್ದಾ, ಬೇಡ್ದಾ?”

ಶಾಮರಾಯರು ಉತ್ತರಿಸಲಿಲ್ಲ. ಜಗಲಿಯ ಗೋಡೆಗೊರಗಿ, ಮಡಿಲಲ್ಲಿ ಪಂಚಾಂಗವಿಟ್ಟುಕೊಂಡು ಕುಳಿತಿದ್ದರು. ಮೂರು ದಿನಗಳಿಂದ ಅವರ ಉತ್ತರ ಮೌನವೇ. ವಿಶ್ವವಿದ್ಯಾನಿಲಯದಲ್ಲಿ ಖಭೌತಶಾಸ್ತ್ರ ಓದಲು ಕಮಲಾಕ್ಷನಿಗೆ ಸೀಟು ಸಿಕ್ಕಿತ್ತು. ಒಪ್ಪಿಗೆಯ ಕಾಗದ ತಂದೆಯ ಸಹಿಯೊಡನೆ ಶುಕ್ರವಾರದೊಳಗೆ ತಲುಪಬೇಕು. ತಂದೆಗೋ, ಸಾಲಿಗ್ರಾಮದ ಸುತ್ತಿನವರಿಗೆ ಮುಹೂರ್ತ ಹೇಳುವ ತನ್ನ ಕೆಲಸ ಮಗ ಹಿಡಿಯಬೇಕೆಂಬ ಆಸೆ.

ಪೆನ್ನು ಹಿಡಿಸಲು ಹೋದಾಗ ಅವರ ಬೆರಳುಗಳು ತಣ್ಣಗಿದ್ದವು. ಹಠ, ಅಂದುಕೊಂಡ ಕಮಲಾಕ್ಷ. ಕಾಗದವನ್ನು ಒಳಕೋಣೆಯ ಅವರ ಡೆಸ್ಕಿಗೆ ತುರುಕಿ ಗದ್ದೆಯ ಕಡೆ ನಡೆದ. ಒಳಗೆ ಗಡಿಯಾರ ಹತ್ತು ಹೊಡೆಯಿತು.

ಹನ್ನೆರಡಕ್ಕೆ, ಊಟಕ್ಕೆ ಕರೆಯಹೋದ ತಾಯಿ ಕೂಗಿಕೊಂಡಳು.

ಓಡಿಬಂದ ಚಿಕ್ಕಪ್ಪ ಆ ಪಂಚಾಂಗವನ್ನೇ ಎತ್ತಿಕೊಂಡರು. ಹನ್ನೊಂದರವರೆಗೆ ಶ್ರವಣ, ಆಮೇಲೆ ಧನಿಷ್ಠೆ. ಧನಿಷ್ಠೆಯಲ್ಲಿ ಸತ್ತರೆ ಮನೆಗೆ ಆರು ತಿಂಗಳು ಬೀಗ; ಯಾರೂ ಒಳಗೆ ಕಾಲಿಡುವಂತಿಲ್ಲ.

“ನಕ್ಷತ್ರ ಓದೂಕ್ ಹೊರಟವ ನೀನಲ್ದಾ? ಹೇಳ್ ಮಾಣಿ, ಅಣ್ಣಯ್ಯನ್ ಜೀವ ಎಷ್ಟೊತ್ತಿಗ್ ಹೋಯ್ತ್?”

ಕಮಲಾಕ್ಷನಿಗೆ ಈಗ ಗೊತ್ತಿತ್ತು. ಬೆಳಿಗ್ಗೆ ತಾನು ಅನುಮತಿ ಕೇಳಿದ್ದು ಹೆಣವನ್ನು. ಹತ್ತು ಗಂಟೆ, ಶ್ರವಣ. ಹಾಗೆ ಹೇಳಿದರೆ ಮನೆ ತೆರೆದೇ ಉಳಿಯುತ್ತದೆ, ಅಮ್ಮನೊಬ್ಬಳನ್ನೇ ಬಿಡುವಂತಿಲ್ಲ, ಆ ಪಂಚಾಂಗ ತನ್ನ ಮಡಿಲಿಗೆ. ಬೀಗ ಬಿದ್ದರೆ ಅಮ್ಮ ಬಸ್ರೂರಿಗೆ, ಸೋದರಮಾವನ ಮನೆಗೆ. ತಾನು ಬಿಡುಗಡೆ.

“ಹನ್ನೊಂದೂವರೆಗೆ ನಾ ಅಪ್ಪಯ್ಯನತ್ರ ಮಾತಾಡ್ದೆ.”

“ಎಂತ ಅಂದ್ರ್?”

“ಹೋಗ್ ಅಂದ್ರ್.”

“ನಾ ಮುಟ್ಟುವತಿಗೆ ಮೈ ತಣ್ಣಗ್ ಕಲ್ಲಾಯಿತ್ತ್,” ಅಂದಳು ತಾಯಿ ಪದ್ಮಾಕ್ಷಿ. ಮಗನ ಮುಖ ನೋಡಲಿಲ್ಲ.

“ಜಗ್ಲಿಗೆ ಗಾಳಿ ಇತ್ತ್, ಅಮ್ಮ.”



ಸುಟ್ಟು ಬಂದಾಗ ಹೊತ್ತು ಇಳಿದಿತ್ತು. ಚಿಕ್ಕಪ್ಪ ಬೀಗ ಹಾಕಿ, ಬಾಗಿಲಿಗೆ ಅಡ್ಡ ಮುಳ್ಳಿನ ಗೆಲ್ಲು ಕಟ್ಟಿದರು. ಕಮಲಾಕ್ಷ ಬರಿದಾದ ಕಿಸೆ ಮುಟ್ಟಿಕೊಂಡ.

“ಚಿಕ್ಕಪ್ಪಯ್ಯ, ಡೆಸ್ಕಿನೊಳ್ಗೆ ನನ್ ಕಾಗ್ದ ಒಂದ್...”

“ಆರ್ ತಿಂಗ್ಳ್ ಕಳೀಲಿ.”

“ಶುಕ್ರವಾರಕ್ಕ್ ಬೇಕಿತ್ತ್.”

“ಹನ್ನೊಂದೂವರೆ ಅಂದವ ನೀನಲ್ದಾ?”

ಒಳಗೆ ಗಡಿಯಾರ ಆರು ಹೊಡೆಯಿತು. ಅದಕ್ಕೆ ನಿನ್ನೆ ಅಪ್ಪಯ್ಯ ಕೀಲಿ ಕೊಟ್ಟಿದ್ದರು.

ಪದ್ಮಾಕ್ಷಿ ಮುಳ್ಳಿನೆದುರು ಕೈಮುಗಿದಳು.

“ನರಸಿಂಹ ದೇವ್ರೇ, ಅವ್ರ್ ಜೀವ ಬಾಗ್ಲ್ ಹುಡ್ಕಂಡ್ ಅಲೆಯೂದ್ ಬೇಡ. ನಿನ್ ಪಾದದಡಿಗೆ ತಣ್ಣಗ್ ಇರ್ಲಿ.”

ತುಟಿಯಾಡಿಸಲು ಹೋದ ಕಮಲಾಕ್ಷನಿಗೆ ನೆನಪಾದದ್ದು ಅಪ್ಪಯ್ಯನ ಆ ತಣ್ಣನೆಯ ಬೆರಳುಗಳು.