ಹಿಂದಿನ ಸೀಟಿಲ್ಲದ ಕಾರು

ಗುಂಡ್ಲುಪೇಟೆಯ ಚಿಕ್ಕಮಲ್ಲಪ್ಪನವರ ಗಾಡಿಮನೆಯಲ್ಲಿ ಒಂದು ಕೆಂಪು ಕಾರು ಮಾರಾಟಕ್ಕಿದೆ, ಯುದ್ಧಕ್ಕೆ ಮುಂಚೆ ಕೊಂಡದ್ದಾದರೂ ಎರಡು ಸಾವಿರ ಮೈಲಿ ಕೂಡ ಓಡಿಲ್ಲ ಎಂದು ಕೇಳಿದವರೆಲ್ಲ ಮೊದಲು ವಿಚಾರಿಸುತ್ತಿದ್ದದ್ದು, ಅದರಲ್ಲಿ ಸತ್ತವರು ಯಾರು ಎಂದು. ಯಾರೂ ಸತ್ತಿರಲಿಲ್ಲ. ಚಾಮರಾಜನಗರದ ಅರಿಶಿನದ ಮಂಡಿ ಮರಿಮಲ್ಲಪ್ಪ ಇದನ್ನು ಚೆನ್ನಾಗಿಯೇ ವಿಚಾರಿಸಿಕೊಂಡಿದ್ದ. ಯಾರಾದರೂ ಸತ್ತಿದ್ದರೆ ಅವನ ಕಷ್ಟ ಕಡಿಮೆಯಾಗುತ್ತಿತ್ತು. ಕಾರು ಬೇಡವೆನ್ನಲು ಒಂದು ಗೌರವಸ್ಥ ಕಾರಣ ಸಿಕ್ಕುತ್ತಿತ್ತು.

ಅರಿಶಿನ ನೋಡಲು ಗುಂಡ್ಲುಪೇಟೆಗೆ ಹೋದಾಗ ಅದು ಅವನ ಕಣ್ಣಿಗೆ ಬಿದ್ದಿತ್ತು. ನೇಗಿಲು, ನೊಗ, ಹಗ್ಗದ ಸುರುಳಿಗಳ ನಡುವೆ ನೆಲಕ್ಕೆ ಅಂಟಿಕೊಂಡಂತೆ ಕೂತಿತ್ತು. ಉದ್ದನೆಯ ಮೂತಿ, ಸೈಕಲ್ಲಿನದರಂತೆ ಕಡ್ಡಿ ಕಡ್ಡಿಯ ಚಕ್ರಗಳು, ಮಡಚಿಡಬಹುದಾದ ಕ್ಯಾನ್ವಾಸಿನ ಟಾಪು, ಬೆನ್ನಿಗೆ ಕಟ್ಟಿಕೊಂಡ ಸ್ಟೆಪ್ನಿ. ಇಬ್ಬರು ಕೂರುವಷ್ಟು ಜಾಗ. ಅವರ ಹಿಂದೆ ಪೆಟ್ರೋಲ್ ಟ್ಯಾಂಕು, ಅದರ ಹಿಂದೆ ಗುಂಡ್ಲುಪೇಟೆ.

ಊಟಿಯಿಂದ ಸ್ವದೇಶಕ್ಕೆ ಹೊರಟಿದ್ದ ಒಬ್ಬ ದೊರೆಯ ಹತ್ತಿರ ಚಿಕ್ಕಮಲ್ಲಪ್ಪನವರು ಅದನ್ನು ಕೊಂಡಿದ್ದರು. ಇದು ಇಬ್ಬರ ಗಾಡಿ ಎಂದು ದೊರೆ ಸ್ಪಷ್ಟವಾಗಿಯೇ ಹೇಳಿದ್ದನಂತೆ. ಆದರೆ ಚಿಕ್ಕಮಲ್ಲಪ್ಪನವರದು ಎತ್ತಿನ ಗಾಡಿಯ ಲೆಕ್ಕ: ಗಾಡಿಯೆಂದ ಮೇಲೆ ಹತ್ತಿದಷ್ಟು ಜನ, ಒತ್ತಿಕೊಂಡು ಕೂತರೆ ಇನ್ನಿಬ್ಬರು. ಇಬ್ಬರದು ಎಂಬುದನ್ನು ಇಂಗ್ಲಿಷರ ಸಂಕೋಚದ ಮಾತೆಂದುಕೊಂಡು, ಇಪ್ಪತ್ತು ಜನ ಉಣ್ಣುವ ಮನೆಗೆ ಅದನ್ನು ತಂದು ನಿಲ್ಲಿಸಿದರು. ತಾಯಿಯನ್ನು ಕೂರಿಸಿಕೊಂಡು ನಂಜನಗೂಡಿಗೆ ಹೋಗಿಬಂದ ದಿನ ಹೆಂಡತಿ ಶಿವರುದ್ರಮ್ಮ ಮಾತು ಬಿಟ್ಟರು. ಹೆಂಡತಿಯನ್ನು ಕೂರಿಸಿಕೊಂಡು ಹೊರಟ ದಿನ ತಾಯಿ ಊಟ ಬಿಟ್ಟರೆಂದು ತಿಳಿದು, ಶಿವರುದ್ರಮ್ಮ ಊರ ಬಾಗಿಲಿನಲ್ಲೇ ಇಳಿದು ನಡೆದು ಮನೆಗೆ ಬಂದರು. ಆಮೇಲೆ ಯಜಮಾನರು ಒಬ್ಬರೇ ಹೋಗತೊಡಗಿದಾಗ ತಾಯಿಯೂ ಹೆಂಡತಿಯೂ ಒಂದಾದರು. ಊಟಿಯಲ್ಲಿ ಯಾರನ್ನು ಇಟ್ಟಿದ್ದೀಯ ಎಂದು ಕೇಳುವುದಕ್ಕೆ. ಅಷ್ಟರಲ್ಲಿ ಯುದ್ಧ ಬಂದು ಪೆಟ್ರೋಲಿಗೆ ರೇಷನ್ ಆಯಿತು. ಯುದ್ಧದಿಂದ ಮನೆಗೆ ಶಾಂತಿ ಬಂದವರು ಜಗತ್ತಿನಲ್ಲಿ ಬಹುಶಃ ಅವರೊಬ್ಬರೇ. ಮುಂದೆ ರೇಷನ್ ಹೋದರೂ ಕಾರು ಹೊರಗೆ ಬರಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ, ಗಾಡಿಮನೆಗೆ ಬಂದು, ಅದರಲ್ಲಿ ಕೂತು, ಇಂಜಿನ್ ಶುರುಮಾಡಿ, ಸದ್ದು ಕೇಳಿ, ಆರಿಸಿ ಇಳಿಯುವುದು ಚಿಕ್ಕಮಲ್ಲಪ್ಪನವರ ನಿತ್ಯವಿಧಿಯಾಯಿತು. ಈಗ ಮೊಣಕಾಲು ಕೈಕೊಟ್ಟಿತ್ತು. ಅಷ್ಟು ತಗ್ಗಿನ ಸೀಟಿಗೆ ಇಳಿದರೆ ಮೇಲೆತ್ತಲು ಇಬ್ಬರು ಆಳು ಬೇಕು. ಅದಕ್ಕೇ ಮಾರಾಟ.

ಮರಿಮಲ್ಲಪ್ಪನ ತೊಡಕು ಬೇರೆಯದು. ಅವನ ಮನೆಯಲ್ಲಿ ಇದ್ದದ್ದೇ ಇಬ್ಬರು, ಅವನು ಮತ್ತು ಗಂಗಾಂಬಿಕೆ. ಮದುವೆಯಾಗಿ ಹದಿನೇಳು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆ ಕಾರು ಅವರಿಬ್ಬರ ಅಳತೆ ತೆಗೆದು ಹೊಲಿದಂತಿತ್ತು, ಅವನಿಗೆ ಭಯವಾದದ್ದೂ ಅದಕ್ಕೇ. ಕೊಂಡರೆ, ನಮ್ಮಲ್ಲಿಗೆ ಇನ್ನು ಮೂರನೆಯವರು ಬರುವುದಿಲ್ಲ ಎಂದು ಊರಿಗೆಲ್ಲ ಸಾರಿದ ಹಾಗೆ. ಊರಿನ ಮಾತು ಹಾಗಿರಲಿ, ಗಂಗಾಂಬಿಕೆ ಇನ್ನೂ ಸೋಮವಾರ ಒಪ್ಪೊತ್ತು ಇರುತ್ತಿದ್ದಳು. ಯಾತಕ್ಕೆಂದು ಅವನು ಕೇಳಿರಲಿಲ್ಲ; ಕೇಳುವುದೇನಿದೆ ಎಂದುಕೊಂಡಿದ್ದ. ತಾನು ಕಾಯುವುದನ್ನು ಯಾವತ್ತೋ ಬಿಟ್ಟಿದ್ದೇನೆ, ಇಬ್ಬರೇ ಇರುವುದು ಸಾಕೆನಿಸಿದೆ ಎಂದು, ಇನ್ನೂ ಕಾಯುತ್ತಿರುವವಳ ಎದುರಿಗೆ ಹೇಗೆ ಹೇಳುವುದು? ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದರೆ ಹೇಳಿದಂತೆಯೇ.

ಇದರ ಮೇಲೆ ಅಕ್ಕ ಕರಿಬಸಮ್ಮ. ಹರದನಹಳ್ಳಿಗೆ ಕೊಟ್ಟಿದ್ದ ಈ ಅಕ್ಕ ಪತ್ರಿಕೆ ಓದಿದವಳಲ್ಲ. ಆದರೂ ಒಬ್ಬ ಗಂಡಿಗೆ ಒಬ್ಬಳೇ ಹೆಂಡತಿ ಎಂಬ ಕಾನೂನು ದೆಹಲಿಯಲ್ಲಿ ತಯಾರಾಗುತ್ತಿದೆ ಎಂಬುದು ಅವಳಿಗೆ ಪಾರ್ಲಿಮೆಂಟಿನ ಅರ್ಧ ಸದಸ್ಯರಿಗಿಂತ ಚೆನ್ನಾಗಿ ಗೊತ್ತಿತ್ತು. ಅವಳ ಮೈದುನನ ಮಗಳೊಬ್ಬಳು ಮದುವೆಗಿದ್ದಳು. ಕಾನೂನು ಬರುವುದರೊಳಗೆ ಆ ಹುಡುಗಿಯನ್ನು ತಮ್ಮನಿಗೆ ತಂದುಬಿಡಬೇಕೆಂದು, ಕೊನೆಯ ಬಸ್ಸು ಹಿಡಿಯುವವರ ಅವಸರದಲ್ಲಿ ತಿಂಗಳಿಗೆರಡು ಸಲ ಬಂದು ಕೂರುತ್ತಿದ್ದಳು. ಮರಿಮಲ್ಲಪ್ಪ ಆಗಲೆಂದವನಲ್ಲ, ಆಗದೆಂದವನೂ ಅಲ್ಲ. ದೊಡ್ಡವಳ ಮಾತು ಮುರಿಯಲಾರದೆ "ನೋಡನ ಅಕ್ಕ" ಎಂದು ಹೇಳಿ ಮಂಡಿಗೆ ನಡೆದುಬಿಡುತ್ತಿದ್ದ. ಆ "ನೋಡನ" ಅಡುಗೆಮನೆಗೂ ಕೇಳಿಸುತ್ತದೆ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಕಾರು ನೋಡಲು ಮೆಕ್ಯಾನಿಕ್ ಗೋವಿಂದಯ್ಯನನ್ನು ಗುಂಡ್ಲುಪೇಟೆಗೆ ಕರೆದೊಯ್ದ; ಬೇಡವೆನ್ನಲಿ ಎಂದೇ ಕರೆದೊಯ್ದದ್ದು. ಗೋವಿಂದಯ್ಯ ಮೊದಲು ಮೈಲಿಯ ಅಂಕಿಯನ್ನು ಅನುಮಾನಿಸಿದ, ಆಮೇಲೆ ಪೆಡಲಿನ ರಬ್ಬರು ಸವೆಯದಿದ್ದದ್ದು ನೋಡಿ ಅನುಮಾನ ಬಿಟ್ಟ. ಓಡದೆ ನಿಂತ ಗಾಡಿಯ ರೋಗಗಳೇ ಬೇರೆ ಎಂದು ವಿವರಿಸಿದ. ಟೈರುಗಳು ಸವೆಯದೆಯೇ ಬಿರುಕು ಬಿಟ್ಟಿದ್ದವು. ನೀರು ಹರಿಯುವ ರಬ್ಬರಿನ ಕೊಳವೆ ಒಣಗಿ ಸೌದೆಯಂತಾಗಿತ್ತು. ಟಾಪಿನ ಒಂದು ಮೂಲೆಯನ್ನು ಇಲಿ ತಿಂದಿತ್ತು. ಬಿಡಿಭಾಗ ಬೇಕೆಂದರೆ ಮದರಾಸಿಗೆ ಬರೆಯಬೇಕು. ಇಷ್ಟೆಲ್ಲ ಹೇಳಿ, ಇಂಜಿನ್ ಶುರುಮಾಡಿ, ಕಿವಿಯೊಡ್ಡಿ ನಿಂತ.

"ಬೇಡ ಅನ್ನಕ್ಕೆ ಬಾಯಿ ಬತ್ತಿಲ್ಲ ಸಾವ್ಕಾರ್ರೆ," ಎಂದ. "ಆದ್ರೆ ಒಂದು ಮೂಟೆ ಅರಿಶಿನ ಹಾಕಕ್ಕೂ ಜಾಗಿಲ್ಲ. ಏನುಕ್ಕೆ ಅಂತ ತಗತೀರಿ?"

ಏನಕ್ಕೆಂದು ಮರಿಮಲ್ಲಪ್ಪನಿಗೆ ಗೊತ್ತಿತ್ತು. ಗೋವಿಂದಯ್ಯನಿಗೆ ಹೇಳುವಂಥದ್ದಾಗಿರಲಿಲ್ಲ.

ಎತ್ತು ಕೊಳ್ಳುವವರು ಒಂದೆರಡು ದಿನ ಹೊಡೆದುಕೊಂಡು ಹೋಗಿ, ಹೂಡಿ ನೋಡಿ, ಆಮೇಲೆ ಮಾತು ಮುಗಿಸುವುದು ಆ ಸೀಮೆಯ ರೂಢಿ. ಚಿಕ್ಕಮಲ್ಲಪ್ಪನವರು ಅದನ್ನೇ ಕಾರಿಗೂ ಅನ್ವಯಿಸಿದರು.

"ತಕಂಡೋಗಿ ಮರಿಮಲ್ಲಪ್ಪೋರೆ, ಮನೆಯೋರ್ನ ಕೂರಿಸ್ಕಂಡು ನೋಡಿ. ಎತ್ತಾದ್ರೆ ಯಜಮಾನ ಒಪ್ಪಿದ್ರೆ ಸಾಕು. ಇದುಕ್ಕೆ ಪಕ್ಕದಲ್ಲಿ ಕೂರೋರು ಒಪ್ಬೇಕು. ನಂಗೆ ಅದು ಗೊತ್ತಾಗಕ್ಕೆ ತಡ ಆಯ್ತು."

ಮಂಡಿಯ ಲಾರಿ ಓಡಿಸಿ ಅಭ್ಯಾಸವಿದ್ದ ಮರಿಮಲ್ಲಪ್ಪ ಸಂಜೆಯ ಹೊತ್ತಿಗೆ ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿದ. ಬೀದಿಯೆಲ್ಲ ಬಂದು ಸೇರಿತು. ಗ್ರಹಚಾರಕ್ಕೆ ಅಕ್ಕನೂ ಅವತ್ತೇ ಬಂದಿದ್ದಳು. ಅವಳು ಎತ್ತಿನ ಸುಳಿ ನೋಡುವವಳಂತೆ ಬಗ್ಗಿ ಬಗ್ಗಿ ನೋಡುತ್ತ ಕಾರನ್ನು ಒಂದು ಸುತ್ತು ಬಂದಳು.

"ಹಿಂದ್ಗಡೆ ಸೀಟೆಲ್ಲಿ ಮಡಗವ್ರೆ ಕಣ್ಲಾ ಇದುಕ್ಕೆ?"

"ಹಿಂದ್ಗಡೆ ಸೀಟಿಲ್ಲ ಅಕ್ಕ. ಇಬ್ರಿಗೆ ಮಾತ್ರ."

"ನಾಳೆ ಒಂದು ಮಗ ಆದ್ರೆ ಎಲ್ಲಿ ಕೂರಿಸ್ತೀಯ? ಮೂತಿ ಮೇಲಾ?"

ಬೀದಿ ನಕ್ಕಿತು. ಅಕ್ಕ ನಗಿಸಲೆಂದು ಹೇಳಿರಲಿಲ್ಲ. ಹೊಸಿಲಲ್ಲಿ ಗಂಗಾಂಬಿಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಅವನನ್ನೊಮ್ಮೆ ನೋಡಿದಳು, ಕಾರನ್ನು ನೋಡಿದಳು, ಒಳಗೆ ಹೋಗಿಬಿಟ್ಟಳು. ಊಟಕ್ಕೆ ಬಡಿಸುವಾಗ ಅವಳ ಕಣ್ಣು ಕೆಂಪಾಗಿತ್ತು. ಹದಿನೇಳು ವರ್ಷ ಎಚ್ಚರಿಕೆಯಿಂದ ಆಡದೆ ಉಳಿಸಿಕೊಂಡು ಬಂದ ಮಾತನ್ನು ಹಾರನ್ನು ಹೊಡೆದು ಬೀದಿಯಲ್ಲಿ ಹೇಳಿದಂತಾಯಿತಲ್ಲ ಎಂದುಕೊಳ್ಳುತ್ತ ಮರಿಮಲ್ಲಪ್ಪ ಕಲಸಿದ ಅನ್ನವನ್ನು ಅಂಚಿಗೆ ಸರಿಸಿದ.

"ಬೆಳಿಗ್ಗೆನೇ ವಾಪಸ್ ಬುಟ್ಬತ್ತೀನಿ," ಎಂದ.

ಅವಳು ಸಾರಿನ ಪಾತ್ರೆ ಕೆಳಗಿಟ್ಟಳು. "ನಾನೂ ಬತ್ತೀನಿ."

"ನೀನ್ಯಾಕೆ?"

"ಬುಡೋದ್ರೊಳಗೆ ಒಂದ್ಸಲ ಕೂರಬಾರ್ದಾ?"

ಅದು ದುಃಖವೋ ಸಿಟ್ಟೋ ಅವನಿಗೆ ತಿಳಿಯಲಿಲ್ಲ. ಅರಿಶಿನವಾದರೆ ಒಂದು ಕೊಂಬು ಮುರಿದು ನೋಡಿ ಹಸಿಯೋ ಒಣಗಿದ್ದೋ ಹೇಳುತ್ತಿದ್ದ.

ಮರುದಿನ ಬೆಳಿಗ್ಗೆ, ಅಕ್ಕ ಎದ್ದು ಪ್ರಶ್ನೆ ಶುರುಮಾಡುವ ಮೊದಲೇ ಇಬ್ಬರೂ ಹೊರಟರು. ಗಂಗಾಂಬಿಕೆ ಸೆರಗನ್ನು ತಲೆಯ ಮೇಲೆ ಹೊದ್ದು, ಎರಡು ಸುತ್ತು ಸುತ್ತಿ, ಬಾಗಿಲನ್ನು ಗಟ್ಟಿಯಾಗಿ ಹಿಡಿದು ಕೂತಳು. ಎತ್ತಿನ ಗಾಡಿಯಲ್ಲಾದರೆ ಅವಳು ಯಾವತ್ತೂ ಹಿಂದಕ್ಕೆ ಕಾಲು ಇಳಿಬಿಟ್ಟು, ದಾಟಿಹೋದ ದಾರಿಯನ್ನಷ್ಟೇ ನೋಡಿದವಳು. ಇಲ್ಲಿ ದಾರಿ ಎದುರಿಗೆ ಬರುತ್ತಿತ್ತು. ಹುಣಿಸೆಮರಗಳು ಒಂದೊಂದಾಗಿ ಬಂದು ತಲೆಯ ಮೇಲಿಂದ ಹೋದವು. ಎದುರು ಬಂದ ಎತ್ತುಗಳು ಕೆಂಪು ಕಾರನ್ನು ಕಂಡು ಹೊಲಕ್ಕೆ ನುಗ್ಗಿದವು. ಗಾಡಿಯವನು ಬೈದದ್ದು ಅವರನ್ನು ಮುಟ್ಟುವುದರೊಳಗೆ ಅವರು ಮುಂದಕ್ಕೆ ಹೋಗಿದ್ದರು. ಒಂದೆರಡು ಮೈಲಿ ಕಳೆದ ಮೇಲೆ ಅವಳು ಬಾಗಿಲು ಹಿಡಿದಿದ್ದ ಕೈಯನ್ನು ಮಡಿಲಿಗೆ ತಂದುಕೊಂಡಳು.

ತೆರಕಣಾಂಬಿ ದಾಟುತ್ತಲೇ ಗೋವಿಂದಯ್ಯ ಹೇಳಿದ್ದ ರಬ್ಬರಿನ ಕೊಳವೆ ಬಿರಿದು, ಮೂತಿಯಿಂದ ಹಬೆ ಎದ್ದಿತು. ಮರಿಮಲ್ಲಪ್ಪ ಕಾರನ್ನು ಮರದ ಕೆಳಗೆ ನಿಲ್ಲಿಸಿ, ಹೆಗಲ ಮೇಲಿನ ಟವಲು ಹರಿದು ಬಿರುಕಿಗೆ ಬಿಗಿದು, ಪಕ್ಕದ ಹೊಲದವರ ಬಿಂದಿಗೆ ಕೇಳಿ ಪಡೆದು ಬಾವಿಯಿಂದ ನೀರು ತಂದ. ತಣ್ಣಗಾಗುವವರೆಗೆ ಕಾಯಬೇಕಿತ್ತು. ಅವಳಿಗೆ ಇಳಿದು ನೆರಳಲ್ಲಿ ಕೂತುಕೊ ಎಂದ. ಅವಳು ಇಳಿಯಲಿಲ್ಲ. ಎದುರಿನ ಗಾಜನ್ನೇ ನೋಡುತ್ತ ಹೇಳಿದಳು:

"ಅಕ್ಕಂಗೆ ನಾನು ಹೂಂ ಅಂದ್ಬುಟ್ಟಿದ್ದೆ."

"ಯಾವುದುಕ್ಕೆ?"

"ಆ ಹುಡ್ಗಿನ ತರಕ್ಕೆ. ನೀವು ನೋಡನ ನೋಡನ ಅಂತಿದ್ರಲ್ಲ. ಒಳಗೆ ಆಸೆ ಅದೆ, ನನ್ ಮುಖ ನೋಡಿ ಸುಮ್ಕವ್ರೆ ಅಂದ್ಕಂಡೆ."

ಮರಿಮಲ್ಲಪ್ಪ ನೀರಿನ ಬಿಂದಿಗೆ ಹಿಡಿದು ನಿಂತೇ ಇದ್ದ. "ಮತ್ತೆ ಸೋಮ್ವಾರದ ಒಪ್ಪೊತ್ತು?"

"ಅದು ಮಗೀಗೆ ಅಂದ್ಕಂಡ್ರಾ? ಮಗೀಗೆ ಕೇಳೋದು ಬುಟ್ಟು ಎಷ್ಟೋ ಕಾಲ ಆಯ್ತು. ಬರೋಳು ಒಳ್ಳೇಳಾಗಿರ್ಲಿ, ನನ್ನ ಮೂಲೆಗೆ ತಳ್ದೆ ಇರ್ಲಿ ಅಂತ ಬೇಡ್ಕತಿದ್ದೆ."

ಬಾವಿಯ ಕಡೆ ಯಾರೋ ಎತ್ತುಗಳನ್ನು ಗದರಿಸುತ್ತಿದ್ದರು. ಅವಳು ಮುಂದುವರಿಸಿದಳು. "ನೆನ್ನೆ ಅಕ್ಕ ಹಿಂದ್ಗಡೆ ಸೀಟೆಲ್ಲಿ ಅಂದಾಗ ನಂಗೆ ಕಾಣ್ತು. ಎಲ್ಲೆಲ್ಲೋ ಹುಡುಕಿ ಇಬ್ರೇ ಕೂರೋ ಗಾಡಿ ತಂದವ್ರೆ ಅಂತ. ಒಳಕ್ಕೋದೆ, ಅಳು ತಡಿಯಕ್ಕಾಗ್ನಿಲ್ಲ. ಆಮೇಲೆ ನೋಡಿದ್ರೆ ವಾಪಸ್ ಬುಡ್ತೀನಿ ಅಂತೀರಿ."

ಇಬ್ಬರದೇ ಗಾಡಿ ಎಂದು ನಿಜ ಹೇಳಿದ ದೊರೆಗೆ, ಅದನ್ನು ನಂಬದೆ ಕೊಂಡ ಚಿಕ್ಕಮಲ್ಲಪ್ಪನವರಿಗೆ, ಊಟ ಬಿಟ್ಟು ಕಾರನ್ನು ಗಾಡಿಮನೆಯಲ್ಲೇ ಉಳಿಸಿದ ಆ ಮುದುಕಿಗೆ, ಕೊನೆಗೆ ಬೀದಿಯಲ್ಲಿ ಮಾನ ತೆಗೆದ ಅಕ್ಕನಿಗೂ ಅವನು ಮನಸ್ಸಿನಲ್ಲೇ ಕೈಮುಗಿದ. ಎಲ್ಲರಿಗಿಂತ ಹೆಚ್ಚಾಗಿ, ಎರಡು ಅಡಿ ದೂರದಲ್ಲಿ ಗಾಜು ನೋಡುತ್ತ ಕೂತವಳಿಗೆ. ಅವಳಿಗೆ ಕೈಮುಗಿಯುವ ಪದ್ಧತಿ ಇರಲಿಲ್ಲವಾಗಿ, ಬಿಂದಿಗೆಯಿಂದ ಒಂದಿಷ್ಟು ನೀರನ್ನು ಅವಳ ಬೊಗಸೆಗೆ ಬಗ್ಗಿಸಿದ. ಅವಳು ಮುಖ ತೊಳೆದುಕೊಂಡಳು.

ಮಿಕ್ಕದ್ದನ್ನು ಕಾರಿನ ಮೂತಿಯೊಳಗೆ ಹೊಯ್ದು, "ಆರ್ತು ಅನ್ನಿಸ್ತದೆ. ಹೋಗನಾ?" ಎಂದ.

"ಹೋಗನ. ನಿಧಾನಕ್ಕೆ."

ಗುಂಡ್ಲುಪೇಟೆಯಲ್ಲಿ ಚಿಕ್ಕಮಲ್ಲಪ್ಪನವರ ಜಗುಲಿಯ ಮುಂದೆ ಕಾರು ನಿಂತಾಗಲೂ ಗಂಗಾಂಬಿಕೆ ಇಳಿಯಲಿಲ್ಲ. ಹಿರಿಯರ ಎದುರಿಗೆ ಗಂಡನ ಬೆನ್ನ ಹಿಂದೆ ನಿಲ್ಲುವುದನ್ನು ಬಿಟ್ಟು ಬೇರೆ ಅರಿಯದವಳು, ಬಸ್ಸಿನ ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿಯುವವರಂತೆ, ಟವಲಿನ ಬದಲು ತಾನೇ ಕೂತು ಸೀಟು ಹಿಡಿದಿದ್ದಳು. ಶಿವರುದ್ರಮ್ಮನವರು ಮಜ್ಜಿಗೆಯ ಲೋಟವನ್ನು ಕಾರಿನ ಹತ್ತಿರಕ್ಕೇ ತಂದರು. ಬಾಗಿಲ ಮೇಲೆ ಕೈಯಿಟ್ಟು, ಸೀಟನ್ನೂ ಅವಳನ್ನೂ ನೋಡಿದರು.

"ಕೂತ್ಕ ಕಣವ್ವ, ಇಳಿಬೇಡ," ಎಂದರು. "ಇಳ್ದೋಳು ನಾನು. ಆಮೇಲೆ ಯಾರೂ ಹತ್ತು ಅನ್ನನಿಲ್ಲ."

ಒಳಗೆ ಚಿಕ್ಕಮಲ್ಲಪ್ಪನವರು ವ್ಯಾಪಾರದ ಕ್ರಮದಂತೆ ಹೆಗಲ ವಲ್ಲಿಯ ಮರೆಯಲ್ಲಿ ಕೈ ಚಾಚಿದರು. ಬೆರಳು ಹಿಡಿದು ಬೆಲೆ ಹೇಳುವುದು, ಬೆರಳು ಮಡಚಿ ಇಳಿಸುವುದು ಇಬ್ಬರಿಗೂ ರಕ್ತದಲ್ಲಿ ಬಂದ ವಿದ್ಯೆ. ಮರಿಮಲ್ಲಪ್ಪ ಅವರು ಹಿಡಿದ ಬೆರಳುಗಳನ್ನು ಹಾಗೆಯೇ ಒಪ್ಪಿಕೊಂಡ. ಅವತ್ತು ಚೌಕಾಸಿ ಮಾಡುವುದು ಅವನಿಗೆ, ಉಂಡ ಮನೆಯಲ್ಲಿ ಉಪ್ಪು ಕಮ್ಮಿ ಎಂದು ಹೇಳಿದಂತೆ ಕಂಡಿತು. ಚಿಕ್ಕಮಲ್ಲಪ್ಪನವರಿಗೆ ಇದರಿಂದ ಬಹಳ ಬೇಜಾರಾಯಿತು. ಮಂಡಿಯವರು ಕೇಳಿದ ಬೆಲೆಗೆ ಒಪ್ಪಿದರೆ ಮಾಲಿನಲ್ಲಿ ತಮಗೇ ತಿಳಿಯದ ಗುಣವೇನೋ ಇರಬೇಕೆಂದು ಯೋಚಿಸಿ, ಕೊನೆಗೆ ಚೌಕಾಸಿಯಿಲ್ಲದ ವ್ಯಾಪಾರದ ಸಂಕಟ ತಾಳಲಾರದೆ ತಾವೇ ಒಂದು ಬೆರಳು ಮಡಚಿದರು.

ಮರಿಮಲ್ಲಪ್ಪ ಹೊರಗೆ ಬಂದಾಗ ಗಂಗಾಂಬಿಕೆ ಕೇಳಿದಳು, "ಆಯ್ತಾ?"

"ಆಯ್ತು."

"ಅಕ್ಕ ಕಾಯ್ತಾ ಇರ್ತಾರೆ."

"ಸಂಜೆ ಹೇಳ್ತೀನಿ. ನೋಡನ ಅನ್ನಲ್ಲ, ಬೇಡ ಅಂತೀನಿ."

ಅವಳು ತಲೆಯಾಡಿಸಿದಳು. ಅವನು ಕೂತು, ಗಾಡಿ ಹಿಂದಕ್ಕೆ ತೆಗೆದು, ಚಾಮರಾಜನಗರದ ದಾರಿಗೆ ಬೆನ್ನು ಮಾಡಿ ಹಂಗಳದ ಕಡೆ ತಿರುಗಿಸಿದ. ಆ ಕಡೆ ಅವರಿಗೆ ನೆಂಟರಿರಲಿಲ್ಲ, ಅರಿಶಿನವೂ ಇರಲಿಲ್ಲ, ಯಾವ ಕೆಲಸವೂ ಇರಲಿಲ್ಲ. ಕಾಡಿನ ಕಡೆಯ ಗಾಳಿ ತಣ್ಣಗೆ ಎದುರಾದಾಗ, ಗಂಗಾಂಬಿಕೆ ತಲೆಗೆ ಬಿಗಿದು ಸುತ್ತಿದ್ದ ಸೆರಗನ್ನು ಸಡಿಲಿಸಿ ಹೆಗಲಿಗೆ ಬಿಟ್ಟುಕೊಂಡಳು.